ನೋಡಲು ಉಚಿತ, ಬಳಸಲು ಉಚಿತವೇ?

ನಮ್ಮ ಕಾಲೇಜಿನಲ್ಲಿ ಆರ್ಟ್ಸ್ ವಿಭಾಗವಿದೆ, ಆದರೆ ಅಲ್ಲಿ ಚಿತ್ರ ಬಿಡಿಸುವುದನ್ನು ಕಲಿಸುವುದಿಲ್ಲ. ಚೆನ್ನಾಗಿ ಚಿತ್ರ ಬರೆಯುವವರು ಸೈನ್ಸ್‌ನಲ್ಲೂ ಕಾಮರ್ಸ್‌ನಲ್ಲೂ ಚದುರಿಹೋಗಿದ್ದಾರೆ. ರಜೆಯಲ್ಲಿ ಮದುವೆ ಮನೆಗಳಿಗೆ ಹೋಗಿ ಮೆಹಂದಿ ಹಾಕಿ ಫೀಸಿಗೆ ಹಣ ಹೊಂದಿಸುವವರೂ ನಮ್ಮಲ್ಲಿದ್ದಾರೆ. ಎಲ್ಲರೂ ಮಾದರಿ ಹುಡುಕುವುದು ಮೊಬೈಲಿನಲ್ಲೇ. ಚಿತ್ರ ಸಿಗುವುದು ಕಷ್ಟವಲ್ಲ. ಸಿಕ್ಕಿದ ಚಿತ್ರ ಯಾರದು, ಅದನ್ನು ಬಳಸಿ ಹಣ ಗಳಿಸಬಹುದೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕಾಮರ್ಸ್ ವಿದ್ಯಾರ್ಥಿನಿಯಾದ ನನಗೆ ಮುಖ್ಯವೆನಿಸಿದ್ದು ಈ ಪ್ರಶ್ನೆಯೇ.

ಮೊದಲು ಒಳ್ಳೆಯ ಸುದ್ದಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರ ಫೆಬ್ರುವರಿಯಲ್ಲಿ ತನ್ನ ಸಂಗ್ರಹದ ಸುಮಾರು 3,75,000 ಚಿತ್ರಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಅನುಮತಿ ಕೇಳಬೇಕಿಲ್ಲ, ಹಣ ಕೊಡಬೇಕಿಲ್ಲ, ಅಚ್ಚು ಹಾಕಿ ಮಾರಿದರೂ ತಪ್ಪಲ್ಲ. ಅವರ ಜಾಲತಾಣದಲ್ಲಿ ಹುಡುಕುವಾಗ ‘ಓಪನ್ ಆ್ಯಕ್ಸೆಸ್’ ಎಂಬ ಆಯ್ಕೆಯನ್ನು ಒತ್ತಿದರೆ ಇಂಥ ಚಿತ್ರಗಳು ಮಾತ್ರ ಬರುತ್ತವೆ. ನಾನು ಅಲ್ಲಿ ಮೊದಲು ಹುಡುಕಿದ್ದು ಬೀದರ್ ಮತ್ತು ವಿಜಯಪುರವನ್ನು. ಒಂದು ವಿಷಯ ನೆನಪಿಡಿ: ಹೊರದೇಶದ ಮ್ಯೂಸಿಯಂಗಳು ಸಾಮಾನ್ಯವಾಗಿ ಹಳೆಯ ಹೆಸರುಗಳನ್ನೇ ಇಟ್ಟುಕೊಂಡಿವೆ. ಇಂಗ್ಲಿಷಿನಲ್ಲಿ ಬಿಜಾಪುರ, ಬಿದರಿ, ಡೆಕ್ಕನ್ ಎಂದು ಬರೆದು ಹುಡುಕಬೇಕು.

ಹಾಗೆ ಹುಡುಕಿದಾಗ ಸಿಕ್ಕಿದ್ದು 17ನೇ ಶತಮಾನದ ಕೊನೆಯ ಒಂದು ಬಿದರಿ ಹುಕ್ಕಾದ ಬುಡ. ಸತು ಮತ್ತು ತಾಮ್ರದ ಮಿಶ್ರಲೋಹ, ಅದರ ಕಪ್ಪು ಮೈಮೇಲೆ ಐರಿಸ್ ಹೂಗಳು. ಪರದೆಯ ಮೇಲೆ ಹಿಗ್ಗಿಸಿದರೆ ಒಂದೊಂದು ಎಸಳು ಎಲ್ಲಿ ತೊಡಗಿ ಎಲ್ಲಿ ಮುಗಿಯುತ್ತದೆ ಎಂಬುದು ಕಾಣುತ್ತದೆ. ಗಾಜಿನ ಪೆಟ್ಟಿಗೆಯ ಮುಂದೆ ನಿಂತವರಿಗೂ ಅಷ್ಟು ಹತ್ತಿರದಿಂದ ಕಾಣುವುದು ಅನುಮಾನ. ಮೆಹಂದಿ ಬಿಡಿಸುವವರು ಇದನ್ನು ಒಮ್ಮೆ ನೋಡಲೇಬೇಕು. ಖಾಲಿ ಜಾಗ ಬಿಡುವುದು ಹೇಗೆಂದು ತಿಳಿಯುತ್ತದೆ. ನಮ್ಮಲ್ಲಿ ಈಗ ಕೈತುಂಬ ತುಂಬಿಸುವುದೇ ಫ್ಯಾಷನ್ ಆಗಿದೆ, ನನಗದು ಇಷ್ಟವಿಲ್ಲ.

ಅಲ್ಲಿಯೇ ‘ದಿ ಹೌಸ್ ಆಫ್ ಬಿಜಾಪುರ್’ ಎಂಬ ಚಿತ್ರವೂ ಇದೆ. ಸುಮಾರು 1680ರಲ್ಲಿ ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಬರೆದದ್ದು. ಆದಿಲ್‌ಶಾಹಿ ವಂಶದ ಒಂಬತ್ತು ಸುಲ್ತಾನರು ಬೇರೆ ಬೇರೆ ಕಾಲದವರಾದರೂ ಇದರಲ್ಲಿ ಒಟ್ಟಿಗೆ ಕುಳಿತಿದ್ದಾರೆ. ಕೊನೆಯವನಾದ ಸಿಕಂದರ್ ಇನ್ನೂ ಹುಡುಗ. 1686ರಲ್ಲಿ ಔರಂಗಜೇಬನ ಸೈನ್ಯಕ್ಕೆ ಬಿಜಾಪುರ ಸೋತಿತು ಎಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಓದಿದ್ದೀರಿ. ಅದನ್ನು ತಿಳಿದು ಈ ಚಿತ್ರ ನೋಡಿದರೆ ಬೇರೆಯೇ ಅನಿಸುತ್ತದೆ.

ಇನ್ನು ಕಾನೂನು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಕಲಾವಿದ ತೀರಿಕೊಂಡ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ ಅವನ ಚಿತ್ರಗಳ ಮೇಲೆ ಹಕ್ಕು ಇರುತ್ತದೆ. ರಾಜಾ ರವಿವರ್ಮ 1906ರಲ್ಲಿ ತೀರಿಕೊಂಡರು, ಆ ಹಕ್ಕು ಮುಗಿದು ಬಹಳ ಕಾಲವಾಯಿತು. ಮೈಸೂರಿನ ಕೆ. ವೆಂಕಟಪ್ಪನವರು ತೀರಿಕೊಂಡದ್ದು 1965ರಲ್ಲಿ. ಅವರ ಚಿತ್ರಗಳ ಅವಧಿ 2025ರ ಕೊನೆಗೆ ಮುಗಿಯುವ ಲೆಕ್ಕ. ಎಂ.ಎಫ್. ಹುಸೇನ್ 2011ರಲ್ಲಿ ತೀರಿಕೊಂಡರು, ಹಾಗಾಗಿ 2071 ಮುಗಿಯುವವರೆಗೆ ಅವರ ಕುದುರೆಗಳನ್ನು ಟೀಶರ್ಟಿನ ಮೇಲೆ ಅಚ್ಚು ಹಾಕಿ ಮಾರಲು ಅನುಮತಿ ಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಬಿದರಿ ಹುಕ್ಕಾ ಹಳೆಯದು, ಆದರೆ ಅದರ ಫೋಟೊ ಹೊಸದು. ಫೋಟೊ ತೆಗೆದವರಿಗೂ ಹಕ್ಕಿರುತ್ತದೆ. ಆದ್ದರಿಂದ ವಸ್ತು ಹಳೆಯದೆಂದು ಸಿಕ್ಕಿದ ಫೋಟೊವನ್ನೆಲ್ಲ ಬಳಸುವಂತಿಲ್ಲ. ಮೆಟ್ರೊಪಾಲಿಟನ್ ಮ್ಯೂಸಿಯಂ ಬಿಟ್ಟುಕೊಟ್ಟಿರುವುದು ಈ ಫೋಟೊದ ಹಕ್ಕನ್ನೂ ಸೇರಿಸಿ; ಅದಕ್ಕೆ ‘ಸಿಸಿ ಝೀರೊ’ ಎನ್ನುತ್ತಾರೆ. ಬೇರೆ ಕಡೆ ‘ಬಿವೈ’ ಎಂದಿದ್ದರೆ ಮಾಡಿದವರ ಹೆಸರು ಹಾಕಬೇಕು, ‘ಎನ್‌ಸಿ’ ಎಂದಿದ್ದರೆ ವ್ಯಾಪಾರಕ್ಕೆ ಬಳಸಬಾರದು, ‘ಎನ್‌ಡಿ’ ಎಂದಿದ್ದರೆ ಬದಲಾಯಿಸಿ ಹಂಚಬಾರದು. ಗೂಗಲ್ ಆರ್ಟ್ಸ್ ಆ್ಯಂಡ್ ಕಲ್ಚರ್‌ನಲ್ಲಿ ಚಿತ್ರವನ್ನು ಕುಂಚದ ಗೆರೆ ಕಾಣುವಷ್ಟು ಹಿಗ್ಗಿಸಬಹುದು, ಆದರೆ ಅಲ್ಲಿ ಕಾಣುವುದೆಲ್ಲ ತೆಗೆದುಕೊಂಡು ಬಳಸಲು ಅಲ್ಲ. ಮ್ಯೂಸಿಯಂನ ಸ್ವಂತ ಜಾಲತಾಣಕ್ಕೆ ಹೋಗಿ ಚಿತ್ರದ ಕೆಳಗಿನ ಸಾಲನ್ನು ಓದಬೇಕು.

ಕಲಿಯಲು ನಕಲು ಮಾಡುವುದು ಬೇರೆ, ಅದಕ್ಕೆ ಯಾರೂ ನಾಚಬೇಕಿಲ್ಲ. ನೆದರ್ಲೆಂಡ್ಸಿನ ರೆಂಬ್ರಾಂಟ್ ಭಾರತಕ್ಕೆ ಬಂದವನಲ್ಲ. ಮುಘಲ್ ಚಿತ್ರಗಳನ್ನು ನೋಡಿ ತನ್ನ ಕೈಯಲ್ಲಿ ಮತ್ತೆ ಬರೆದ. ಅವನು ಬರೆದ ಶಾಹಜಹಾನ್ ಮತ್ತು ದಾರಾ ಶಿಕೋಹ್‌ರ ರೇಖಾಚಿತ್ರ ಅಮೆರಿಕದ ಗೆಟ್ಟಿ ಮ್ಯೂಸಿಯಂನಲ್ಲಿದೆ. ಆ ಸಂಸ್ಥೆಯೂ 2013ರಿಂದ ತನ್ನ ಹಳೆಯ ಕೃತಿಗಳ ಚಿತ್ರಗಳನ್ನು ಉಚಿತವಾಗಿ ಕೊಡುತ್ತಿದೆ. ಭಾರತದ ಕಲೆಯ ಬಗ್ಗೆ ಓದಲು ಬೆಂಗಳೂರಿನ ಮ್ಯಾಪ್ ಅಕಾಡೆಮಿಯ ವಿಶ್ವಕೋಶ ಒಳ್ಳೆಯದು, ಇಂಗ್ಲಿಷ್ ಸರಳವಾಗಿದೆ. ಕಂಪ್ಯೂಟರಿನಲ್ಲಿ ಬಣ್ಣದ ಚಿತ್ರಕ್ಕೆ ಕ್ರೀಟಾ, ಅಂಚು-ಬಳ್ಳಿಗಳ ವಿನ್ಯಾಸಕ್ಕೆ ಇಂಕ್‌ಸ್ಕೇಪ್ ಸಾಕು; ಎರಡೂ ಉಚಿತ.

ಕಾನೂನು ನಮ್ಮ ಕಡೆಗೂ ಇದೆ ಎಂಬುದನ್ನು ಮರೆಯುತ್ತೇವೆ. ನನ್ನ ಖಾಲಾ ಮೆಹಂದಿ ಹಾಕಿ ಮನೆ ನಡೆಸುತ್ತಾರೆ. ಕಾಗದದ ಮೇಲೆ ಅವರೇ ಬರೆದ ವಿನ್ಯಾಸಗಳ ಫೋಟೊಗಳನ್ನು ಯಾರೋ ತಮ್ಮ ಹೆಸರು ಹಾಕಿ ಜಾಹೀರಾತಿಗೆ ಬಳಸಿದ್ದರು. “ಹೋಗಲಿ ಬಿಡು, ನಾನೇನು ರಿಜಿಸ್ಟರ್ ಮಾಡಿಸಿದ್ದೀನಾ” ಎಂದು ಖಾಲಾ ಸುಮ್ಮನಾದರು. ಆದರೆ ನಮ್ಮ ದೇಶದಲ್ಲಿ ಸ್ವಂತ ಚಿತ್ರ ಬರೆದ ಕ್ಷಣದಿಂದಲೇ ಹಕ್ಕು ಬರುತ್ತದೆ, ನೋಂದಣಿ ಕಡ್ಡಾಯವಲ್ಲ. ನೋಂದಣಿ ಇದ್ದರೆ ಜಗಳ ಬಂದಾಗ ಸಾಕ್ಷಿಯಾಗುತ್ತದೆ. ಒಂದು ಕಲಾಕೃತಿಗೆ ಅರ್ಜಿ ಶುಲ್ಕ 500 ರೂಪಾಯಿ; ಸರಕಿನ ಮೇಲೆ ಬಳಸುವ ಕೃತಿಯಾದರೆ 2,000. ಒಂದೊಂದು ವಿನ್ಯಾಸಕ್ಕೂ ಇಷ್ಟು ಖರ್ಚು ಮಾಡಿದರೆ ಲಾಭವೇ ಉಳಿಯದು, ಲೆಕ್ಕ ಹಾಕಿ ನೋಡಿದ್ದೇನೆ. ಅದಕ್ಕೇ ಈಗ ಖಾಲಾ ಪ್ರತಿ ಹಾಳೆಯಲ್ಲೂ ಬಳ್ಳಿಯ ನಡುವೆ ಹೆಸರು, ತಾರೀಖು ಬರೆದ ಮೇಲೆಯೇ ಫೋಟೊ ತೆಗೆಯುತ್ತಾರೆ. ಮೂಲೆಯಲ್ಲಿ ಬರೆದರೆ ಕತ್ತರಿಸಿಬಿಡುತ್ತಾರೆ. ಆ ಫೋಟೊಗಳನ್ನು ಆಗಾಗ ಗೂಗಲ್ ಲೆನ್ಸ್‌ಗೆ ಹಾಕಿ ಬೇರೆ ಎಲ್ಲಾದರೂ ಇವೆಯೇ ಎಂದು ಹುಡುಕುವ ಕೆಲಸ ನನ್ನದು.