ತರಕಾರಿ ಕೆಡದಿರಲು: ಮಾಡಬೇಕಾದ್ದು, ಮಾಡಬಾರದ್ದು

ಗಿಡದಿಂದ ಕಿತ್ತ ಮೇಲೂ ತರಕಾರಿ ಉಸಿರಾಡುತ್ತಲೇ ಇರುತ್ತದೆ. ಒಳಗಿನ ನೀರು ಆರಿದರೆ ಬಾಡುತ್ತದೆ, ಮೈಮೇಲೆ ನೀರು ನಿಂತರೆ ಕೊಳೆಯುತ್ತದೆ. ಎರಡನ್ನೂ ತಡೆಯುವುದು ನಿಮ್ಮ ಕೈಯಲ್ಲೇ ಇದೆ.

ಮಾಡಬೇಕಾದ್ದು

1. ತಂದ ಚೀಲವನ್ನು ಅಂದೇ ಬಿಚ್ಚಿ. ಕೊಳೆತದ್ದನ್ನು ಎಸೆಯಿರಿ, ಪೆಟ್ಟು ಬಿದ್ದದ್ದನ್ನು ಅವತ್ತಿನ ಸಾರಿಗೇ ಹಾಕಿ.

2. ಕೊತ್ತಂಬರಿ ಕಟ್ಟಿನ ದಾರ ಬಿಚ್ಚಿ, ಹಳದಿ ಎಲೆ ಆರಿಸಿ, ಬೇರು ಕತ್ತರಿಸಿ. ಒಣ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಡಬ್ಬಿಯಲ್ಲಿಟ್ಟು ಫ್ರಿಜ್‌ಗೆ ಸೇರಿಸಿ. ಬಟ್ಟೆ ಒದ್ದೆಯಾದರೆ ಬದಲಿಸಿ. ಮೆಂತ್ಯ, ಸಬ್ಬಸಿಗೆಗೂ ಇದೇ ಕ್ರಮ.

3. ಹಸಿಮೆಣಸಿನಕಾಯಿಯ ತೊಟ್ಟು ಮುರಿದು, ಒಣಗಿದ ಡಬ್ಬಿಯಲ್ಲಿಡಿ. ಕೊಳೆ ಶುರುವಾಗುವುದು ಹೆಚ್ಚಾಗಿ ತೊಟ್ಟಿನಿಂದಲೇ.

4. ಮೂಲಂಗಿ, ಕ್ಯಾರೆಟ್, ಬೀಟ್‌ರೂಟ್‌ಗಳ ಸೊಪ್ಪನ್ನು ಕೂಡಲೇ ಕತ್ತರಿಸಿ. ಬಿಟ್ಟರೆ ಅದು ಗಡ್ಡೆಯ ನೀರನ್ನೆಲ್ಲ ಎಳೆದುಕೊಳ್ಳುತ್ತದೆ. ಮೂಲಂಗಿ ಸೊಪ್ಪು ಪಲ್ಯಕ್ಕಾಯಿತು.

5. ಈರುಳ್ಳಿ, ಬೆಳ್ಳುಳ್ಳಿಯನ್ನು ಗಾಳಿಯಾಡುವ ಬುಟ್ಟಿಯಲ್ಲಿ ಹರಡಿ. ಆಲೂಗಡ್ಡೆಗೆ ತಂಪಾದ ಕತ್ತಲ ಮೂಲೆ ಬೇಕು.

6. ಮಂಗಳೂರು ಸೌತೆ, ಬೂದುಗುಂಬಳವನ್ನು ತೊಟ್ಟಿನ ಸಮೇತ ಕೊಳ್ಳಿ. ಕರಾವಳಿಯ ಮನೆಗಳಲ್ಲಿ ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿಗೆ ತೂಗುಹಾಕುತ್ತಾರೆ. ನೆಲ ಸೋಕದೆ, ಸುತ್ತ ಗಾಳಿಯಾಡಿದರೆ ಅದು ತಿಂಗಳುಗಟ್ಟಲೆ ಇರುತ್ತದೆ.

ಮಾಡಬಾರದ್ದು

1. ತೊಳೆದು ಎತ್ತಿಡಬೇಡಿ. ತೊಳೆಯುವುದು ಹೆಚ್ಚುವ ಮುಂಚೆ ಮಾತ್ರ.

2. ಗಂಟು ಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಗೇ ಬಿಡಬೇಡಿ. ತರಕಾರಿಯ ಉಸಿರೇ ಒಳಗೆ ನೀರಾಗಿ ನಿಲ್ಲುತ್ತದೆ.

3. ಮಾಗಿದ ಬಾಳೆ, ಮಾವು, ಟೊಮೆಟೊ ಪಕ್ಕ ಸೊಪ್ಪು, ಸೌತೆ ಇಡಬೇಡಿ. ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಇವು ಬೇಗ ಹಳದಿಯಾಗುತ್ತವೆ.

4. ಆಲೂಗಡ್ಡೆಯನ್ನು ಈರುಳ್ಳಿ ಬುಟ್ಟಿಗೂ ಹಾಕಬೇಡಿ, ಫ್ರಿಜ್‌ಗೂ ಹಾಕಬೇಡಿ. ಅತಿ ತಂಪಿಗೆ ಅದರ ಪಿಷ್ಟ ಸಕ್ಕರೆಯಾಗಿ, ಕರಿದಾಗ ಕಪ್ಪಾಗುತ್ತದೆ. ಬೆಳಕಿಗೆ ಹಸಿರು ತಿರುಗಿದ ಆಲೂಗಡ್ಡೆಯಲ್ಲಿ ಸೋಲನೀನ್ ಎಂಬ ವಿಷಾಂಶ ಹೆಚ್ಚಿರುತ್ತದೆ. ಕಹಿಯಾಗಿದ್ದರೆ ತಿನ್ನಲೇಬೇಡಿ.

5. ದೋರೆಗಾಯಿ ಟೊಮೆಟೊವನ್ನು ಫ್ರಿಜ್‌ನಲ್ಲಿಡಬೇಡಿ. ಸರಿಯಾಗಿ ಹಣ್ಣಾಗುವುದಿಲ್ಲ, ರುಚಿಯೂ ಕೆಡುತ್ತದೆ. ಪೂರ್ತಿ ಹಣ್ಣಾದ ಮೇಲೆ ಒಂದೆರಡು ದಿನ ಇಡಬಹುದು.

6. ಬದನೆ, ಬೆಂಡೆ, ಎಳೆಸೌತೆಯನ್ನು ಫ್ರಿಜ್‌ನ ಹಿಂಗೋಡೆಗೆ ಒತ್ತಿ ಇಡಬೇಡಿ. ಸುಮಾರು 10 ಡಿಗ್ರಿಗಿಂತ ಕೆಳಗೆ ದಿನಗಟ್ಟಲೆ ಇದ್ದರೆ ಇವಕ್ಕೆ ಕಲೆ ಬೀಳುತ್ತದೆ, ಮೈ ಮೆತ್ತಗಾಗುತ್ತದೆ. ಮನೆಯ ಫ್ರಿಜ್ ಸಾಮಾನ್ಯವಾಗಿ 4 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ಕೆಳಗಿನ ತರಕಾರಿ ಪೆಟ್ಟಿಗೆಯಲ್ಲಿಟ್ಟು 2–3 ದಿನದಲ್ಲಿ ಮುಗಿಸಿ.

7. ಬೂಷ್ಟು ಬಂದ ಟೊಮೆಟೊದ ಕೆಟ್ಟ ಭಾಗವಷ್ಟನ್ನೇ ಕೊಯ್ದು ಉಳಿದದ್ದನ್ನು ಬಳಸಬೇಡಿ. ಮೆತ್ತನೆಯ ಕಾಯಿಯೊಳಗೆ ಬೂಷ್ಟು ಕಣ್ಣಿಗೆ ಕಾಣದಷ್ಟು ಆಳಕ್ಕೆ ಇಳಿದಿರುತ್ತದೆ.

ಇಷ್ಟೆಲ್ಲ ಮಾಡಿದರೂ ಬೇಕಾದ್ದಕ್ಕಿಂತ ಹೆಚ್ಚು ತಂದ ಸೊಪ್ಪು ಉಳಿಯುವುದಿಲ್ಲ. ವಾರಕ್ಕೆ ಒಂದೇ ಸಲ ಹೊರೆಗಟ್ಟಲೆ ತರುವ ಬದಲು ಎರಡು ಸಲ ಸ್ವಲ್ಪ ಸ್ವಲ್ಪ ತನ್ನಿ. ಮೊದಲು ತಂದದ್ದನ್ನು ಮೊದಲು ಒಲೆಗೆ ಏರಿಸಿ.