ಶೋಕದಿಂದ ಅನ್ನದವರೆಗೆ: ಸಹಾಯಾರ್ಥ ಸಂಗೀತದ ಒಂದು ವಿವೇಚನೆ

ಶೋಕವು ಶ್ಲೋಕವಾಯಿತೆಂಬ ಮಾತು ಭಾರತೀಯ ಕಾವ್ಯಮೀಮಾಂಸೆಯ ಮೂಲಸೂತ್ರಗಳಲ್ಲಿ ಒಂದು. ಕ್ರೌಂಚದ ಸಾವನ್ನು ಕಂಡ ವಾಲ್ಮೀಕಿಯ ದುಃಖ ಕಾವ್ಯವಾಗಿ ಪರಿಣಮಿಸಿದುದನ್ನು ಆನಂದವರ್ಧನ ಎತ್ತಿ ಹೇಳಿದನು. ಆ ದುಃಖವನ್ನು ಸಹೃದಯನು ತನ್ನದೆಂದಾಗಲಿ ಪರರದೆಂದಾಗಲಿ ಎಣಿಸದೆ ಅನುಭವಿಸುವ ಬಗೆಯನ್ನು ಭಟ್ಟನಾಯಕ ಸಾಧಾರಣೀಕರಣವೆಂಬ ಪರಿಕಲ್ಪನೆಯ ಮೂಲಕ ವಿವರಿಸಿದನು. ಈ ವಿಚಾರಸರಣಿಯಲ್ಲಿ ಕರುಣರಸದ ಪರ್ಯವಸಾನ ಆನಂದದಲ್ಲಿ. ಸಹೃದಯನ ಮೇಲೆ ಲೌಕಿಕವಾದ ಹೊಣೆ ಯಾವುದೂ ಉಳಿಯುವುದಿಲ್ಲ. ಆದರೆ ಒಂದು ನಷ್ಟವನ್ನು ನೆನೆದು ಹಾಡಿ, ಬಂದ ಹಣವನ್ನು ನೊಂದವರಿಗೆ ಮುಟ್ಟಿಸುವ ಸಹಾಯಾರ್ಥ ಕಚೇರಿ ಇಷ್ಟಕ್ಕೆ ನಿಲ್ಲುವಂತಿಲ್ಲ. ಅಲ್ಲಿ ಶ್ಲೋಕವು ಮುಂದೆ ಸಾಗಿ ಅನ್ನವಾಗಬೇಕು. ಹೀಗೆ ಸಾಗುವಾಗ ಹಾಡುವವನು, ಕೇಳುವವನು, ನೊಂದವನು ಈ ಮೂವರ ಸಂಬಂಧ ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನು ಮೂರು ನಿದರ್ಶನಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯ ನಿದರ್ಶನ ಬಂಗಾಳದ್ದು. ಕೊಲ್ಕತ್ತದ ಖಿದಿರ್‌ಪುರ ಹೂಗ್ಲಿ ನದಿಯ ದಂಡೆಯ ಬಂದರು ಪ್ರದೇಶ. ಅಲ್ಲಿಯ ಹಡಗುಕಟ್ಟೆ 1892ರಲ್ಲಿ ಆರಂಭವಾಯಿತು. 1943ರಲ್ಲಿ ಬಂಗಾಳವನ್ನು ಕ್ಷಾಮ ಆವರಿಸಿತ್ತು. ಜಪಾನೀಯರು ಬರ್ಮಾವನ್ನು ಆಕ್ರಮಿಸಿದುದರಿಂದ ಅಲ್ಲಿಯ ಅಕ್ಕಿ ಬರುವುದು ನಿಂತಿತ್ತು. 1942ರ ಅಕ್ಟೋಬರಿನ ಚಂಡಮಾರುತ ಮೇದಿನೀಪುರದ ಬೆಳೆಯನ್ನು ಹಾಳುಗೆಡವಿತ್ತು. ಶತ್ರುವಿನ ಕೈಗೆ ಸಿಗಬಾರದೆಂದು ಸರ್ಕಾರ ದೋಣಿಗಳನ್ನು ವಶಪಡಿಸಿಕೊಂಡಿತ್ತು. ಬೆಲೆಗಳು ಬಡವರ ಕೈಮೀರಿ ಏರಿದ್ದವು. ಮಡಿದವರ ಸಂಖ್ಯೆಯನ್ನು ವಿದ್ವಾಂಸರು 20ರಿಂದ 30 ಲಕ್ಷವೆಂದು ಅಂದಾಜು ಮಾಡುತ್ತಾರೆ. ಇದರ ನಡುವೆಯೇ 1943ರ ಡಿಸೆಂಬರ್ 5ರಂದು ಹಾಡಹಗಲಿನಲ್ಲಿ ಜಪಾನೀ ವಿಮಾನಗಳು ಖಿದಿರ್‌ಪುರದ ಹಡಗುಕಟ್ಟೆಯ ಮೇಲೆ ಬಾಂಬು ಸುರಿಸಿದವು. ಸತ್ತ ನೂರಾರು ಜನರಲ್ಲಿ ಬಹುಪಾಲು ಕೂಲಿಕಾರರು. ಹಸಿವು ಮತ್ತು ಯುದ್ಧ ಎರಡರ ಪೆಟ್ಟೂ ಒಂದೇ ವರ್ಗದ ಮೇಲೆ ಬಿದ್ದುದನ್ನು ಈ ಪ್ರದೇಶ ಸ್ಪಷ್ಟವಾಗಿ ತೋರಿಸುತ್ತದೆ.

ಈ ಸಾವುಗಳು ಬಹುಮಟ್ಟಿಗೆ ಹೆಸರಿಲ್ಲದ ಸಾವುಗಳು. ಒಬ್ಬ ಗುರುವಿನ ಪುಣ್ಯತಿಥಿಯನ್ನು ಶಿಷ್ಯರು ಆಚರಿಸುತ್ತಾರೆ. ಬೀದಿಯಲ್ಲಿ ಸತ್ತವರ ತಿಥಿಯನ್ನು ಆಚರಿಸುವವರು ಯಾರು? ಭಾರತೀಯ ಜನನಾಟ್ಯ ಸಂಘದ ಕಲಾವಿದರು ಆ ಹೊಣೆಯನ್ನು ಹೊತ್ತರು. 1943ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಅಖಿಲ ಭಾರತ ಮಟ್ಟದಲ್ಲಿ ರೂಪುಗೊಂಡ ಈ ಸಂಘದ ಪೂರ್ವರೂಪಗಳಲ್ಲಿ ಒಂದು, ಸಿಂಹಳದ ಅನಿಲ್ ಡಿ ಸಿಲ್ವಾ ಎಂಬ ಮಹಿಳೆ 1941ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಜನರಂಗಭೂಮಿ ಎಂಬುದನ್ನು ಕನ್ನಡದ ಅಭ್ಯಾಸಿಗಳು ನೆನೆಯಬೇಕು. ಬಿನಯ್ ರಾಯ್ ನೇತೃತ್ವದ ಬಂಗಾಳದ ಗಾಯಕ ತಂಡ ಹೊರ ಪ್ರಾಂತಗಳಲ್ಲಿ ಸಂಚರಿಸಿ, ಹಾಡು ಮತ್ತು ರೂಪಕಗಳ ಮೂಲಕ ಕ್ಷಾಮಪರಿಹಾರಕ್ಕೆ ಹಣ ಸಂಗ್ರಹಿಸಿತು. ಉರ್ದು ಕವಿ ವಾಮಿಕ್ ಜೌನ್‌ಪುರಿ ಬಂಗಾಳದ ಹಸಿವನ್ನು ಕುರಿತು ಬರೆದ ಗೀತೆ ಈ ಸಂಚಾರದಲ್ಲಿ ಪ್ರಸಿದ್ಧವಾಯಿತು. ಬಂಗಾಳಿಯರ ನೋವು ಬಂಗಾಳಿಯೇತರ ಕವಿಯ ಮಾತಿನಲ್ಲಿ ಬಂಗಾಳದಾಚೆಯ ಜನರಿಗೆ ಮುಟ್ಟಿತು. ಇದು ಸಾಧಾರಣೀಕರಣವೇ. ಆದರೆ ಕೇಳಿದವನು ಆನಂದಿಸಿ ಎದ್ದುಹೋಗಲಿಲ್ಲ, ಕೈಲಾದುದನ್ನು ಕೊಟ್ಟುಹೋದನು. ಹಾಡುವವರು ನೊಂದ ನಾಡಿನಿಂದಲೇ ಬಂದವರಾದುದರಿಂದ ಅವರ ಹಾಡಿಗೆ ಸಾಕ್ಷ್ಯದ ಬಲವೂ ಇದ್ದಿತು.

ಈ ತಂಡದ ಯಶಸ್ಸಿನ ಪ್ರೇರಣೆಯಿಂದ ಜನನಾಟ್ಯ ಸಂಘದ ಕೇಂದ್ರ ತಂಡ ಮುಂಬಯಿಯಲ್ಲಿ ಹುಟ್ಟಿತು. ಅದಕ್ಕೆ ಸಂಗೀತ ನೀಡಿದವರಲ್ಲಿ ತರುಣ ರವಿಶಂಕರ್ ಒಬ್ಬರು. ಎರಡನೆಯ ನಿದರ್ಶನಕ್ಕೆ ಅವರೇ ಕಾರಣಕರ್ತರು. 1970ರ ನವೆಂಬರಿನ ಚಂಡಮಾರುತದಲ್ಲಿ ಪೂರ್ವ ಬಂಗಾಳದ ಲಕ್ಷಾಂತರ ಜನ ಸತ್ತರು. 1971ರ ಮಾರ್ಚಿನಿಂದ ಸೈನಿಕ ದೌರ್ಜನ್ಯಕ್ಕೆ ಹೆದರಿದ ಸುಮಾರು ಒಂದು ಕೋಟಿ ಜನ ಭಾರತಕ್ಕೆ ಬಂದರು. ರವಿಶಂಕರರ ಪೂರ್ವಿಕರ ಊರು ಇದ್ದುದು ಆ ಪೂರ್ವ ಬಂಗಾಳದಲ್ಲಿಯೇ. ಅವರ ಕೋರಿಕೆಯಂತೆ ಜಾರ್ಜ್ ಹ್ಯಾರಿಸನ್ 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಎರಡು ಕಚೇರಿಗಳನ್ನು ಏರ್ಪಡಿಸಿದರು. ರವಿಶಂಕರರ ಮೊದಲ ನಿರೀಕ್ಷೆ ಸುಮಾರು 25,000 ಡಾಲರ್. ಪ್ರವೇಶಧನದಿಂದಲೇ ಬಂದದ್ದು 2,43,418 ಡಾಲರ್. ಅದು ವಿಶ್ವಸಂಸ್ಥೆಯ ಮಕ್ಕಳ ನಿಧಿಗೆ ಸಂದಿತು.

ಅಂದು ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾ ರಖಾ ತಮ್ಮ ವಾದ್ಯಗಳನ್ನು ಶ್ರುತಿಗೊಳಿಸುತ್ತಿದ್ದಾಗಲೇ ಸಭಿಕರು ಚಪ್ಪಾಳೆ ತಟ್ಟಿದರು. ಇದು ಕೇವಲ ವಿನೋದದ ಸಂಗತಿಯಲ್ಲ. ಸಂಗೀತದ ಸಂಪ್ರದಾಯವನ್ನು ಅರಿಯದ ಸಭೆಯೂ ಸದ್ಭಾವದಿಂದ ಕೊಡಬಲ್ಲದು ಎಂಬುದು ಒಂದು ಮುಖ. ಕೇಳುವವನಿಗೂ ನೊಂದವನಿಗೂ ನಡುವಿನ ದೂರ ಎಷ್ಟಿತ್ತೆಂಬುದು ಇನ್ನೊಂದು ಮುಖ. ಆ ದೂರ ಹಣದ ವಿಷಯದಲ್ಲಿಯೂ ಕಂಡುಬಂದಿತು. ತೆರಿಗೆ ವಿನಾಯಿತಿಗೆ ಮೊದಲೇ ವ್ಯವಸ್ಥೆ ಮಾಡದ ಕಾರಣ, ಧ್ವನಿಮುದ್ರಿಕೆ ಮತ್ತು ಚಲನಚಿತ್ರಗಳಿಂದ ಬಂದ ಬಹುಪಾಲು ಹಣ ವರ್ಷಗಟ್ಟಲೆ ತಡೆಹಿಡಿಯಲ್ಪಟ್ಟಿತು. ಕರುಣೆ ಕ್ಷಣದಲ್ಲಿ ಹುಟ್ಟುತ್ತದೆ. ಅನ್ನ ಮುಟ್ಟುವುದಕ್ಕೆ ಲೆಕ್ಕಪತ್ರವೂ ಬೇಕಾಗುತ್ತದೆ.

ಮೂರನೆಯ ನಿದರ್ಶನ ಗದಗಿನ ವೀರೇಶ್ವರ ಪುಣ್ಯಾಶ್ರಮ. ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಲ್ಲಿ ಬೆಳೆದ ಅಂಧ ಗಾಯಕ ಪಂಚಾಕ್ಷರಿ ಗವಾಯಿಗಳು ಅಂಧ ಮತ್ತು ಅನಾಥ ಮಕ್ಕಳಿಗೆ ಅನ್ನವನ್ನೂ ಸಂಗೀತವಿದ್ಯೆಯನ್ನೂ ನೀಡುವ ವ್ರತ ಕೈಗೊಂಡರು. ಮಕ್ಕಳ ಊಟಕ್ಕೆ ದಾರಿಯಾಗಿ ನಾಟಕ ಮಂಡಳಿಯೂ ನಡೆಯಿತು. 1944ರಲ್ಲಿ ಅವರು ಲಿಂಗೈಕ್ಯರಾದಾಗ ಆಶ್ರಮ ಆಧಾರ ಕಳೆದುಕೊಳ್ಳಬಹುದಾಗಿತ್ತು. ಶಿಷ್ಯ ಪುಟ್ಟರಾಜ ಗವಾಯಿಗಳು 2010ರಲ್ಲಿ ತಾವು ಕಾಲವಾಗುವವರೆಗೆ ಆ ಭಾರವನ್ನು ಹೊತ್ತರು. ಗುರುವಿನ ಸ್ಮರಣೆಗೂ ಮಕ್ಕಳ ಅನ್ನಕ್ಕೂ ಅಲ್ಲಿ ಭೇದವೇ ಇರಲಿಲ್ಲ. ಬಸವರಾಜ ರಾಜಗುರು, ವೆಂಕಟೇಶಕುಮಾರರಂಥ ಗಾಯಕರು ಈ ಪರಂಪರೆಯಿಂದ ಬಂದವರು.

ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಒಂದು ವ್ಯತ್ಯಾಸ ಸ್ಪಷ್ಟವಾಗುತ್ತದೆ. ನ್ಯೂಯಾರ್ಕಿನಲ್ಲಿ ಸ್ವೀಕರಿಸುವವನು ಸಭೆಯಲ್ಲಿ ಇರಲಿಲ್ಲ. ಅವನ ಪರವಾಗಿ ಬೇರೆಯವರು ನುಡಿಸಿದರು. ಬಂಗಾಳದ ತಂಡದಲ್ಲಿ ಅವನ ನಾಡಿನವರೇ ಹಾಡಿದರು. ಗದಗಿನಲ್ಲಿ ಸ್ವೀಕರಿಸುವವನೇ ಹಾಡುಗಾರ. ಅಲ್ಲಿ ಅಂಧ ಬಾಲಕ ಇತರರ ಕರುಣೆಯ ವಿಷಯವಾಗಿ ಕೂರುವುದಿಲ್ಲ. ತನ್ನ ವಿದ್ಯೆಯನ್ನು ಸಭೆಗೆ ಕೊಟ್ಟು ಅನ್ನವನ್ನು ಪಡೆಯುತ್ತಾನೆ. ದಾನವು ಪಡೆಯುವವನನ್ನು ಕುಗ್ಗಿಸಬಾರದೆಂಬ ನೀತಿ ಅಲ್ಲಿ ಉಪದೇಶವಾಗಿರದೆ ಕಲೆಯ ರಚನೆಯಲ್ಲಿಯೇ ಅಡಗಿದೆ. ಹಾಗೆಂದು ನ್ಯೂಯಾರ್ಕಿನ ಕಚೇರಿ ಕಡಿಮೆಯದೆಂದು ಹೇಳಲಾಗದು. ಒಂದು ಕೋಟಿ ನಿರಾಶ್ರಿತರ ಸಂಕಟ ಒಂದು ಆಶ್ರಮದ ಅಳವಿಗೆ ಮೀರಿದ್ದು. ನಷ್ಟ ದೊಡ್ಡದಾದಷ್ಟೂ ದೂರ ಅನಿವಾರ್ಯವಾಗುತ್ತದೆ. ದೂರ ಹೆಚ್ಚಿದಷ್ಟೂ ಎಚ್ಚರವೂ ಹೆಚ್ಚಬೇಕು.

ಆದ್ದರಿಂದ ಸಹಾಯಾರ್ಥ ಸಂಗೀತವನ್ನು ಅಭ್ಯಸಿಸುವವರು ರಾಗಭಾವಗಳ ಜೊತೆಗೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಯಾರ ನಷ್ಟ, ಯಾರ ಕಂಠ, ಯಾರಿಗೆ ಮುಟ್ಟಿದ ಫಲ? ಶಾಲೆಗಾಗಿ, ಗುಡಿಗಾಗಿ, ಕಷ್ಟದಲ್ಲಿದ್ದ ನಟನಿಗಾಗಿ ಕನ್ನಡ ನಾಟಕ ಕಂಪನಿಗಳು ಆಡಿದ ಬೆನಿಫಿಟ್ ಆಟಗಳನ್ನೂ ಇದೇ ದೃಷ್ಟಿಯಿಂದ ನೋಡಬಹುದು. ಅವುಗಳ ಕರಪತ್ರಗಳು, ಜಮಾಖರ್ಚಿನ ಪುಸ್ತಕಗಳು ಉಳಿದಿರುವಲ್ಲಿ ಅವನ್ನು ಸಂಗ್ರಹಿಸಿ, ಹಾಡು ಮತ್ತು ನಾಟಕದ ಪಠ್ಯಗಳ ಜೊತೆಯಲ್ಲಿಟ್ಟು ಓದುವ ಕೆಲಸವನ್ನು ಕನ್ನಡದ ಸಂಶೋಧಕರು ಕೈಗೊಳ್ಳಬೇಕಾಗಿದೆ.