ಆರೋಗ್ಯ ಪ್ರಶ್ನೋತ್ತರ: ಸಮವಸ್ತ್ರವನ್ನು ತೆಗೆದಿರಿಸಿದ ಮೇಲೆ

ತುಮಕೂರು ಜಿಲ್ಲೆಯ ಮಧುಗಿರಿ, ಕೊರಟಗೆರೆ, ಶಿರಾ ಮತ್ತು ಪಾವಗಡ ತಾಲ್ಲೂಕುಗಳಿಂದ ಬಂದ ನಾಲ್ಕು ಪತ್ರಗಳು ಈ ಸಲ ನನ್ನ ಮುಂದಿವೆ. ಬರೆದವರು ಒಬ್ಬರನ್ನೊಬ್ಬರು ಅರಿಯದವರು. ಆದರೂ ಅವರೆಲ್ಲರ ವ್ಯಥೆಯ ಮೂಲ ಒಂದೇ ಆಗಿರುವುದರಿಂದ, ಮಧುಮೇಹ ರಕ್ತದೊತ್ತಡಗಳ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡು, ಪೊಲೀಸ್ ವೃತ್ತಿಯಿಂದ ಹೊರಬಂದವರ ಮನಸ್ಸಿನ ವಿಷಯಕ್ಕೇ ಈ ಅಂಕಣವನ್ನು ಮೀಸಲಿರಿಸಿದ್ದೇನೆ. ಬರೆದವರ ಗುರುತು ತಿಳಿಯದಂತೆ ಪತ್ರಗಳನ್ನು ಸಂಕ್ಷೇಪಿಸಿ ಕೊಟ್ಟಿದೆ.

ಪ್ರಶ್ನೆ: ನಮ್ಮ ಯಜಮಾನರು ಮೂವತ್ತನಾಲ್ಕು ವರ್ಷ ಇಲಾಖೆಯಲ್ಲಿ ದುಡಿದು, ಕಳೆದ ಮೇ ತಿಂಗಳ ಕೊನೆಯ ದಿನ ಎ.ಎಸ್.ಐ. ಆಗಿ ನಿವೃತ್ತರಾದರು. ಠಾಣೆಯವರು ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಜೀಪಿನಲ್ಲಿಯೇ ಮನೆಯವರೆಗೆ ತಂದು ಬಿಟ್ಟರು. ಎರಡು ತಿಂಗಳು ಚೆನ್ನಾಗಿಯೇ ಇದ್ದರು. ಈಗ ರಾತ್ರಿ ಎರಡು ಗಂಟೆಗೆ ಎದ್ದು ಬಾಗಿಲ ಚಿಲಕ ನೋಡುತ್ತಾರೆ. ಬೀದಿಯಲ್ಲಿ ಜೀಪಿನ ಸದ್ದಾದರೆ ಕುಳಿತಲ್ಲಿಂದ ಎದ್ದು ನಿಲ್ಲುತ್ತಾರೆ. ನನ್ನ ಮೇಲೂ ಸೊಸೆಯ ಮೇಲೂ ಸಣ್ಣ ಮಾತಿಗೆ ಸಿಡುಕುತ್ತಾರೆ. ಸಂತೆಗೆ ಹೋಗೆಂದರೆ ‘ಅಲ್ಲಿ ಈಗ ನನ್ನನ್ನು ಯಾರು ಮಾತಾಡಿಸುತ್ತಾರೆ’ ಎನ್ನುತ್ತಾರೆ. ಪಿಂಚಣಿ ಬರುತ್ತಿದೆ, ಸಾಲವಿಲ್ಲ, ಮಕ್ಕಳು ನೆಲೆಗೊಂಡಿದ್ದಾರೆ. ಇದು ಕಾಯಿಲೆಯೇ? (ಮಧುಗಿರಿ)

ಉತ್ತರ: ತಾಯೀ, ಇದು ಈಗಾಗಲೇ ಕಾಯಿಲೆಯೋ, ಕಾಯಿಲೆಯಾಗಿ ಪರಿಣಮಿಸಬಲ್ಲ ಸ್ಥಿತಿಯೋ ಎಂಬುದನ್ನು ಅವರನ್ನು ಕಂಡ ವೈದ್ಯರು ನಿರ್ಧರಿಸಬೇಕು, ಆದರೆ ಇದನ್ನು ಅಹಂಕಾರವೆಂದೋ ಮುಪ್ಪಿನ ಮೊಂಡುತನವೆಂದೋ ಬಗೆದು ಸುಮ್ಮನಿರುವುದು ಸರ್ವಥಾ ತರವಲ್ಲ. ನಮ್ಮ ರಾಜ್ಯದ ಸರ್ಕಾರಿ ನೌಕರರಿಗೆ ಅರುವತ್ತು ತುಂಬಿದ ತಿಂಗಳ ಕಡೆಯ ದಿನವೇ ನಿವೃತ್ತಿಯ ದಿನ. ಶಾಲೆಗೆ ಸೇರಿಸುವಾಗ ಮೇಷ್ಟರು ಅನುಕೂಲಕ್ಕೆಂದು ಜೂನ್ 1ನ್ನು ಜನ್ಮದಿನವಾಗಿ ಬರೆದುಬಿಟ್ಟ ತಲೆಮಾರಿನವರು ಬಹುಮಂದಿ, ಹಿಂದಿನ ದಿನಕ್ಕೇ ಅರುವತ್ತು ತುಂಬುವುದರಿಂದ, ಮೇ 31ರಂದೇ ಮನೆಗೆ ಮರಳುತ್ತಾರೆ. ಆ ದಿನದ ಹಾರ ತುರಾಯಿ, ಅಭಿನಂದನೆ, ಅದರ ಬೆನ್ನಿಗೆ ಬರುವ ಇಡಿಗಂಟು, ಬಹುಕಾಲದಿಂದ ಮುಂದೂಡುತ್ತ ಬಂದ ತೀರ್ಥಯಾತ್ರೆ, ಇವುಗಳ ಸಂಭ್ರಮ ಕೆಲವು ವಾರಗಳವರೆಗೆ ಮನಸ್ಸನ್ನು ಎತ್ತಿ ಹಿಡಿದಿರುತ್ತದೆ. ಅದು ಇಳಿದ ಬಳಿಕ ಬರುವ ಬರಿದಾದ ಭಾವವನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಆಚ್ಲಿಯವರು 1976ರಲ್ಲಿಯೇ ನಿವೃತ್ತಿಯ ಒಂದು ಪ್ರತ್ಯೇಕ ಘಟ್ಟವೆಂದು ಗುರುತಿಸಿ, ಅದರ ಮುಂದೆ ಬದುಕು ಮತ್ತೆ ನೆಲೆಗೊಳ್ಳುವ ಘಟ್ಟವೊಂದಿದೆಯೆಂಬುದನ್ನೂ ತೋರಿಸಿದ್ದಾರೆ. ಜೀವನದ ಘಟನೆಗಳು ದೇಹದ ಮೇಲೆ ಹೊರಿಸುವ ಭಾರವನ್ನು ಅಂಕಗಳಲ್ಲಿ ಅಳೆಯಲೆತ್ನಿಸಿದ ಹೋಮ್ಸ್ ಮತ್ತು ರೇ ಎಂಬ ಮನೋವೈದ್ಯರು 1967ರಲ್ಲಿ ಸಂಗಾತಿಯ ಮರಣಕ್ಕೆ 100, ವಿವಾಹಕ್ಕೆ 50, ನಿವೃತ್ತಿಗೆ 45 ಅಂಕಗಳನ್ನು ಕೊಟ್ಟರು. ‘ಸುಖವಾಗಿ ಕುಳಿತಿರುವುದಕ್ಕೆ ಏನು ಕಷ್ಟ’ ಎಂದು ಕೇಳುವ ನೆರೆಹೊರೆಯವರಿಗೆ ಈ ಲೆಕ್ಕವನ್ನು ಹೇಳಬಹುದು.

ಇದು ಎಲ್ಲ ನಿವೃತ್ತರ ಮಾತು. ಪೊಲೀಸರ ವಿಷಯದಲ್ಲಿ ಇನ್ನೊಂದು ಸೇರಿಕೊಳ್ಳುತ್ತದೆ. ಬೆಳಗಿನ ರೋಲ್ ಕಾಲ್, ಹಗಲಿನ ಬಂದೋಬಸ್ತು, ರಾತ್ರಿಯ ಬೀಟು, ಜಾತ್ರೆ ಚುನಾವಣೆಗಳ ಕಾಲದಲ್ಲಿ ರದ್ದಾಗುವ ವಾರದ ರಜೆ, ಹೀಗೆ ದಶಕಗಳ ಕಾಲ ನಡೆದ ಬಾಳಿನಲ್ಲಿ ದೇಹವು ಅಪಾಯವನ್ನು ಎದುರು ನೋಡುವುದನ್ನೇ ಸಹಜಸ್ಥಿತಿಯನ್ನಾಗಿ ಮಾಡಿಕೊಂಡಿರುತ್ತದೆ. ಬಸ್ ನಿಲ್ದಾಣದಲ್ಲಿ ನಿಂತರೆ ಕಣ್ಣು ಜನರ ಮುಖವನ್ನಲ್ಲ, ಕೈಗಳನ್ನು ನೋಡುತ್ತದೆ. ಹೋಟೆಲಿನಲ್ಲಿ ಕುಳಿತರೆ ಬೆನ್ನು ತಾನಾಗಿ ಗೋಡೆಯನ್ನು ಅರಸುತ್ತದೆ. ಈ ಎಚ್ಚರದ ಹಿಂದೆ ಅಡ್ರಿನಲಿನ್, ಕಾರ್ಟಿಸಾಲ್ ಮೊದಲಾದ ಸ್ರಾವಗಳ ನಿಯತವಾದ ಏರಿಳಿತವಿದೆ. ಒಲೆಯಿಂದ ಇಳಿಸಿದ ಹಂಚು ಬಹಳ ಹೊತ್ತು ಬಿಸಿಯಾಗಿಯೇ ಇರುವಂತೆ, ಕರ್ತವ್ಯ ಮುಗಿದ ಬಳಿಕವೂ ನರಮಂಡಲ ತನ್ನ ಕಾವನ್ನು ಬಿಡದು. ನಿಮ್ಮ ಯಜಮಾನರು ಎರಡು ಗಂಟೆಗೆ ಎದ್ದು ಚಿಲಕ ನೋಡುವುದು ಹುಚ್ಚಲ್ಲ. ಬಹುಶಃ ಅದು ಅವರು ಅನೇಕ ವರ್ಷ ಪಹರೆಯಲ್ಲಿ ಎಚ್ಚರವಾಗಿದ್ದ ಹೊತ್ತು. ಪೊಲೀಸರ ಮನಸ್ಸನ್ನು ಕುರಿತು ಬರೆದ ಅಮೆರಿಕದ ಮನಶ್ಶಾಸ್ತ್ರಜ್ಞ ಕೆವಿನ್ ಗಿಲ್‌ಮಾರ್ಟಿನ್ ಅವರು, ಕರ್ತವ್ಯದಲ್ಲಿ ಅತಿ ಎಚ್ಚರ, ಮನೆಗೆ ಬಂದೊಡನೆ ಅತಿ ಬಳಲಿಕೆ ಮತ್ತು ಮೌನ ಎಂಬ ಆವರ್ತನವನ್ನು ವಿವರಿಸಿದ್ದಾರೆ. ನಿವೃತ್ತಿಯ ಬಳಿಕ ಮೊದಲನೆಯದಕ್ಕೆ ಕಾರಣ ತಪ್ಪಿಹೋಗಿ, ಎರಡನೆಯದು ಮಾತ್ರ ಇಡೀ ದಿನವನ್ನು ಆಕ್ರಮಿಸುವುದುಂಟು.

ಸಂತೆಯ ಮಾತನ್ನು ನಾನು ಇನ್ನೂ ಗಂಭೀರವಾಗಿ ಎಣಿಸುತ್ತೇನೆ. ವರ್ಗಾವಣೆಯಿಂದ ವರ್ಗಾವಣೆಗೆ ಕ್ವಾರ್ಟರ್ಸುಗಳಲ್ಲಿ ಬಾಳಿದವರಿಗೆ ಊರಿನಲ್ಲಿ ಸಲಾಮು ಮಾಡುವವರು ಬಹಳ, ಸ್ನೇಹಿತರು ವಿರಳ. ಬಂಧುಗಳ ಮದುವೆ, ಮಗುವಿನ ನಾಮಕರಣ, ಗೌರಿ ಗಣೇಶನ ಹಬ್ಬ, ಇವುಗಳಲ್ಲಿ ಎಷ್ಟನ್ನೋ ಅವರು ಬಂದೋಬಸ್ತಿಗಾಗಿ ಬಿಟ್ಟುಕೊಟ್ಟಿರುತ್ತಾರೆ. ಅವರಿಲ್ಲದೆ ನಡೆಯಲು ಮನೆ ಕಲಿತಿರುತ್ತದೆ, ಮನೆಯಲ್ಲಿ ಇರಲು ಅವರು ಕಲಿತಿರುವುದಿಲ್ಲ. ಆದಕಾರಣ ಅವರನ್ನು ಅತಿಥಿಯಂತೆ ಕುರ್ಚಿಯಲ್ಲಿ ಕೂರಿಸದೆ, ಅವರ ನಿರ್ಧಾರಕ್ಕೆ ಬಿಟ್ಟ ಒಂದು ಹೊಣೆಯನ್ನು ಕೊಡಿ: ತೋಟದ ಲೆಕ್ಕವಾಗಲಿ, ಮೊಮ್ಮಗನನ್ನು ಶಾಲೆಗೆ ಕರೆದೊಯ್ಯುವುದಾಗಲಿ. ಆದರೆ ಸೊಸೆಯ ಮೇಲೆ ಸಿಡುಕುವುದನ್ನು ಮಾತ್ರ ‘ಪಾಪ’ ಎಂದು ಸಹಿಸಬೇಡಿ. ಸಮಾಧಾನದ ವೇಳೆಯಲ್ಲಿ ‘ಇದು ಸರಿಯಲ್ಲ’ ಎಂದು ನೇರವಾಗಿ ಹೇಳುವುದೂ ಶುಶ್ರೂಷೆಯ ಭಾಗವೇ.

ನಿದ್ರೆಗಾಗಿ ಅವರು ಪ್ರತಿದಿನ ಒಂದೇ ಹೊತ್ತಿಗೆ ಏಳಲಿ, ಬೆಳಗಿನ ಬಿಸಿಲಿನಲ್ಲಿ ಅರ್ಧ ಗಂಟೆ ನಡೆಯಲಿ, ಮಧ್ಯಾಹ್ನದ ಮೇಲೆ ಕಾಫಿ ಚಹಾಗಳನ್ನು ಬಿಡಲಿ, ನಿದ್ದೆ ಬಾರದಿದ್ದರೆ ಹೊರಳಾಡದೆ ಎದ್ದು ಕುಳಿತು ತೂಕಡಿಕೆ ಬಂದಾಗ ಮರಳಿ ಮಲಗಲಿ. ಬೆಟ್ಟದ ಬುಡದಲ್ಲಿ ನಡೆದರೆ ಸಾಕು. ಹೃದಯದ ಪರೀಕ್ಷೆಯಾಗದೆ ಮಧುಗಿರಿಯ ಏಕಶಿಲೆಯನ್ನು ಏರುವ ಸಾಹಸ ಅರುವತ್ತರಲ್ಲಿ ಬೇಡ. ರಕ್ತದ ಸಕ್ಕರೆ, ಥೈರಾಯ್ಡ್, ಬಿ12 ಜೀವಸತ್ವಗಳನ್ನು ಪರೀಕ್ಷಿಸಿಕೊಳ್ಳುವುದು ಅವಶ್ಯ, ಇವುಗಳ ದೋಷವೂ ಮನಸ್ಸನ್ನು ಕುಗ್ಗಿಸುವುದುಂಟು. ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು, ಹಸಿವು ನಿದ್ರೆಗಳು ಕೆಡುವುದು, ತಾನು ನಿಷ್ಪ್ರಯೋಜಕನೆಂಬ ಭಾವ, ಇವು ಎರಡು ವಾರಕ್ಕೆ ಮೀರಿ ನಿಂತರೆ ಅದನ್ನು ಖಿನ್ನತೆಯೆಂದು ಶಂಕಿಸತಕ್ಕದ್ದು. ಗಂಡಸರಲ್ಲಿ ಖಿನ್ನತೆ ಅಳುವಿಗಿಂತ ಹೆಚ್ಚಾಗಿ ಸಿಡುಕಿನ ರೂಪದಲ್ಲಿ ಕಾಣಿಸುವುದರಿಂದ ಮನೆಯವರು ಮೋಸಹೋಗುತ್ತಾರೆ. ಅದಕ್ಕೆ ಕೊಡುವ ಮಾತ್ರೆಗಳು ಚಟ ಹತ್ತಿಸುವಂಥವಲ್ಲ, ಗುಣ ಕಾಣಲು ನಾಲ್ಕಾರು ವಾರ ಹಿಡಿಯುತ್ತದೆ. ಅಂಗಡಿಯಿಂದ ತಾವಾಗಿ ತಂದು ನುಂಗುವ ನಿದ್ರೆಯ ಮಾತ್ರೆಗಳೇ ಚಟವಾಗತಕ್ಕವು.

ಪ್ರಶ್ನೆ: ನಾನು ನಿವೃತ್ತ ಹೆಡ್ ಕಾನ್‌ಸ್ಟೇಬಲ್. 2005ರಲ್ಲಿ ವೆಂಕಟಮ್ಮನಹಳ್ಳಿಯಲ್ಲಿ ಆ ದಾಳಿಯಾದ ಮರುದಿನ ಬಂದೋಬಸ್ತಿಗೆ ಹೋಗಿದ್ದೆ. 2022ರಲ್ಲಿ ಪಳವಳ್ಳಿ ಕಟ್ಟೆಯ ಬಳಿ ಬಸ್ಸು ಮಗುಚಿದಾಗ ಮಕ್ಕಳನ್ನು ಹೊರಗೆಳೆದವರಲ್ಲಿ ನಾನೂ ಒಬ್ಬ. ಕೆಲಸದಲ್ಲಿದ್ದಾಗ ಏನೂ ಅನ್ನಿಸಲಿಲ್ಲ. ಈಗ ಮನೆಯಲ್ಲಿ ಕುಳಿತ ಮೇಲೆ ಕಣ್ಣು ಮುಚ್ಚಿದರೆ ಅವೇ ಬರುತ್ತವೆ. ಖಾಸಗಿ ಬಸ್ ಹತ್ತಲಾರೆ. ಸೊಂಟ, ಮಂಡಿ ಸದಾ ನೋವು. ಹೆಂಡತಿಗೆ ಹೇಳಿದರೆ ಹೆದರುತ್ತಾಳೆಂದು ಹೇಳಿಲ್ಲ. (ಪಾವಗಡ)

ಉತ್ತರ: ಆಗ ಏನೂ ಅನ್ನಿಸದೆ ಈಗ ಅನ್ನಿಸುತ್ತಿರುವುದು ವಿಚಿತ್ರವೆಂದು ನೀವು ಭಾವಿಸಿರುವಂತೆ ತೋರುತ್ತದೆ, ವೈದ್ಯರಿಗೆ ಇದು ಚಿರಪರಿಚಿತ. ಶಾಲೆಯಲ್ಲಿ ಬಿಡಾರ ಮಾಡಿದ್ದ ಮೀಸಲು ಪಡೆಯವರನ್ನು ನಕ್ಸಲೀಯರು ರಾತ್ರಿಯಲ್ಲಿ ಕೊಂದ ಆ ಊರಿನಲ್ಲಿ ಮರುದಿನ ನಿಂತವರಿಗೆ ದುಃಖಿಸಲು ಅವಕಾಶವೆಲ್ಲಿತ್ತು? ಮಹಜರು ಬರೆಯಬೇಕು, ಜನರನ್ನು ದೂರ ನಿಲ್ಲಿಸಬೇಕು, ಬರುವ ಅಧಿಕಾರಿಗಳಿಗೆ ದಾರಿ ಮಾಡಿಕೊಡಬೇಕು. ಅದೇ 2022ರ ಆಗಸ್ಟ್ 25ರಂದು ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಸಮೀಪ ಹೆದ್ದಾರಿಯಲ್ಲಿ ರಾಯಚೂರು ಸೀಮೆಯ ಒಂಬತ್ತು ಮಂದಿ ಕೂಲಿಕಾರರು ಮಡಿದಾಗಲೂ, ಪತ್ರಿಕೆಯನ್ನು ಓದಿದ ನಾವು ಮರುಗಿದೆವು, ಶವಗಳನ್ನು ಎತ್ತಿದವರು ಮರುಗುವುದನ್ನು ಮುಂದಕ್ಕೆ ಹಾಕಿದರು. ಹಾಗೆ ಮುಂದಕ್ಕೆ ಹಾಕಿದುದು ವಿರಾಮ ದೊರೆತಾಗ ಎದ್ದು ಬರುತ್ತದೆ.

ಆಘಾತದ ನಂತರದ ಈ ಮನೋವ್ಯಾಧಿಯನ್ನು ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ಅಧಿಕೃತವಾಗಿ ಗುರುತಿಸಿತು. ಕಂಡದ್ದು ಮತ್ತೆ ಮತ್ತೆ ಕಣ್ಣೆದುರು ಬರುವುದು, ಅದನ್ನು ನೆನಪಿಗೆ ತರುವ ಬಸ್ಸು ಬೀದಿಗಳಿಂದ ದೂರ ಸರಿಯುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಪ್ರೀತಿಪಾತ್ರರ ನಡುವೆಯೂ ಮನಸ್ಸು ಮರಗಟ್ಟಿದಂತಿರುವುದು, ಇವು ಅದರ ಲಕ್ಷಣಗಳು. ಇದಕ್ಕೆ ಉತ್ತಮ ಚಿಕಿತ್ಸೆಯುಂಟು. ತರಬೇತಾದ ಚಿಕಿತ್ಸಕರೊಡನೆ ನೆನಪನ್ನು ಕ್ರಮವಾಗಿ, ಸುರಕ್ಷಿತವಾಗಿ ಎದುರಿಸುವ ಮನಶ್ಚಿಕಿತ್ಸೆಯೇ ಮುಖ್ಯ. ಅಗತ್ಯವಾದರೆ ಸರ್ಟ್ರಲೀನ್‌ನಂತಹ ಔಷಧಗಳು. ಸ್ನೇಹಿತರ ಗುಂಪಿನಲ್ಲಿ ಬಲವಂತವಾಗಿ ಎಲ್ಲವನ್ನೂ ಹೇಳಿಸುವುದು ಚಿಕಿತ್ಸೆಯಲ್ಲ. ಮನೆಯವರಿಗೆ ವಿವರಗಳನ್ನು ಹೇಳಬೇಕಾಗಿಲ್ಲ, ‘ಹಳೆಯ ನೆನಪುಗಳು ಕಾಡುತ್ತಿವೆ, ಆಸ್ಪತ್ರೆಗೆ ಹೋಗೋಣ’ ಎಂಬಷ್ಟನ್ನು ಹೇಳಿ. ಹೇಳದ ನಿಮ್ಮ ಮೌನವೇ ಆಕೆಯನ್ನು ಹೆಚ್ಚು ಹೆದರಿಸುತ್ತಿರಬಹುದು. ಬರೆಯುವ ಅಭ್ಯಾಸವಿದ್ದರೆ ಬರೆಯಿರಿ. ನಿವೃತ್ತ ಪೊಲೀಸ್ ಮಹಾನಿರ್ದೇಶಕ ಡಿ. ವಿ. ಗುರುಪ್ರಸಾದರು ತಮ್ಮ ವೃತ್ತಿಯ ಅನುಭವವನ್ನು ಕನ್ನಡದಲ್ಲಿ ಪುಸ್ತಕಗಳಾಗಿಸಿದ್ದಾರೆ. ನಿಮ್ಮದು ಯಾರಿಗೂ ತೋರಿಸದ ನೋಟುಪುಸ್ತಕವಾದರೂ ಸರಿಯೇ.

ಕೀಲುನೋವನ್ನು ಮನಸ್ಸಿನದೆಂದು ಬಿಡಬೇಡಿ. ಪಾವಗಡದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿರುವುದು ಎಲ್ಲರೂ ಬಲ್ಲ ಸಂಗತಿ. ಲೀಟರಿಗೆ 1.5 ಮಿಲಿಗ್ರಾಮಿಗೆ ಮೀರಿದ ನೀರನ್ನು ಬಹುವರ್ಷ ಕುಡಿದವರಿಗೆ ಮೂಳೆ ಬಿಗಿದು ಇಂತಹುದೇ ನೋವು ಬರುತ್ತದೆ. ಕುಡಿಯುವ ನೀರನ್ನು ಪರೀಕ್ಷಿಸಿ, ಸೊಂಟದ ಎಕ್ಸ್‌ರೇ ತೆಗೆಸಿ.

ಪ್ರಶ್ನೆ: ತಂದೆಯವರು ಇಲಾಖೆಯಿಂದ ನಿವೃತ್ತರಾದ ಮೇಲೆ ಬೆಳಿಗ್ಗೆಯಿಂದಲೇ ಕುಡಿಯುತ್ತಾರೆ. ಗೊರವನಹಳ್ಳಿಯ ಲಕ್ಷ್ಮಿಯ ಮೇಲೆ ಆಣೆ ಮಾಡಿಸಿ ಇವತ್ತಿನಿಂದಲೇ ಪೂರ್ತಿ ಬಿಡಿಸೋಣವೆಂದು ದೊಡ್ಡಪ್ಪ ಹೇಳುತ್ತಾರೆ. ಮಾಡಬಹುದೇ? (ಕೊರಟಗೆರೆ)

ಉತ್ತರ: ತಂಗೀ, ಆಣೆಗೆ ಅಡ್ಡಿಯಿಲ್ಲ, ದೇವರ ಭಯಭಕ್ತಿ ಅನೇಕರಿಗೆ ಆಸರೆಯಾಗಿದೆ. ಆದರೆ ಬೆಳಗಿನಿಂದ ಕುಡಿಯುವವರು ವೈದ್ಯರ ನೆರವಿಲ್ಲದೆ ಒಮ್ಮೆಗೇ ನಿಲ್ಲಿಸುವುದು ಪ್ರಾಣಾಪಾಯಕರ. ನಿಲ್ಲಿಸಿದ ಎರಡು ದಿನಗಳೊಳಗೆ ಕೈನಡುಕ, ಬೆವರು, ಫಿಟ್ಸ್ ಬರಬಹುದು. ಎರಡು ಮೂರನೆಯ ದಿನ ಇಲ್ಲದ್ದು ಕಾಣಿಸಿ, ಪ್ರಜ್ಞೆ ತಪ್ಪಿ, ಮರಣವೂ ಸಂಭವಿಸಬಹುದು. ಆಣೆಯ ದಿನವೇ ಆಸ್ಪತ್ರೆಗೆ ಸೇರಿಸಿ. ಥಯಮಿನ್ ಜೀವಸತ್ವವನ್ನೂ ನಡುಕಕ್ಕೆ ತಕ್ಕ ಔಷಧವನ್ನೂ ಕೊಟ್ಟು ವಾರದೊಳಗೆ ಅವರನ್ನು ಈ ಗಂಡಾಂತರದಿಂದ ದಾಟಿಸಬಹುದು. ಮತ್ತೆ ಕುಡಿಯದಂತೆ ನೋಡಿಕೊಳ್ಳುವ ಕೆಲಸ ಆಮೇಲಿನದು, ದೀರ್ಘವಾದದ್ದು. ಖಾಲಿ ಹಗಲನ್ನು ತುಂಬುವ ಕೆಲಸ ದೊರೆಯದಿದ್ದರೆ ಯಾವ ಔಷಧವೂ ಅದನ್ನು ಸಾಧಿಸದು.

ಪ್ರಶ್ನೆ: ಆರು ವರ್ಷ ಕಾನ್‌ಸ್ಟೇಬಲ್ ಆಗಿದ್ದು ರಾಜೀನಾಮೆ ಕೊಟ್ಟೆ. ಈಗ ಊರಿನಲ್ಲಿ ಕಡಲೆಕಾಯಿ ಬೆಳೆಯುತ್ತ, ಕುರಿ ಸಾಕಿಕೊಂಡಿದ್ದೇನೆ. ‘ಸರ್ಕಾರಿ ಅನ್ನ ಒದ್ದವನು’ ಎನ್ನುತ್ತಾರೆ. ಖಾಕಿ ಕಂಡರೆ ನಾಚಿಕೆಯಾಗುತ್ತದೆ. ಸತ್ತರೆ ಚೆಂದ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. (ಶಿರಾ)

ಉತ್ತರ: ತಮ್ಮಾ, ನಿನ್ನ ಕೊನೆಯ ವಾಕ್ಯಕ್ಕೆ ಇವತ್ತೇ ಚಿಕಿತ್ಸೆಯಾಗಬೇಕು. ಈ ಪುಟವನ್ನು ಓದಿದೊಡನೆ 14416ಕ್ಕೆ ಕರೆ ಮಾಡು. ಅದು ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ಸಹಾಯವಾಣಿ, ಹಗಲಿರುಳೂ ಕನ್ನಡದಲ್ಲಿ ಮಾತನಾಡುವವರಿದ್ದಾರೆ. ಮನೆಯಲ್ಲಿ ನೀನು ನಂಬುವ ಒಬ್ಬರಿಗಾದರೂ ಈ ಮಾತನ್ನು ತಿಳಿಸು. ಹೊಲಕ್ಕೆಂದು ತಂದ ಕ್ರಿಮಿನಾಶಕವನ್ನು ಅವರ ವಶದಲ್ಲಿ, ಬೀಗದೊಳಗೆ ಇರಿಸು.

ನಾಚಿಕೆಗೆ ಕಾರಣವಿಲ್ಲ. ಕೆಲಸದ ವೇಳೆ, ರಜೆ, ವೇತನಗಳ ವಿಷಯದಲ್ಲಿ ನೊಂದ ಪೊಲೀಸರು 2016ರ ಜೂನ್ 4ರಂದು ರಾಜ್ಯಾದ್ಯಂತ ಸಾಮೂಹಿಕ ರಜೆಗೆ ಕರೆ ಕೊಟ್ಟ ಸಂಗತಿ ನಾಡಿಗೆಲ್ಲ ತಿಳಿದದ್ದೇ. ನಿನ್ನ ದಣಿವು ನಿನ್ನೊಬ್ಬನ ದೌರ್ಬಲ್ಯವಲ್ಲ. ಸಹಿಸಲಾರದ್ದನ್ನು ಬಿಟ್ಟು ನೆಲವನ್ನು ನಂಬಿ ದುಡಿಯುತ್ತಿರುವವನು ಯಾರ ಅನ್ನವನ್ನೂ ಒದ್ದವನಲ್ಲ.

ಈ ನಾಲ್ವರಿಗೂ ಅನ್ವಯಿಸುವ ಮಾತೊಂದಿದೆ. ಮನೋವೈದ್ಯರನ್ನು ಕಾಣಲು ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಹೋಗಲೇಬೇಕೆಂದಿಲ್ಲ. ಮನೋಚೈತನ್ಯ ಯೋಜನೆಯಂತೆ ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಗೊತ್ತಾದ ಮಂಗಳವಾರಗಳಂದು ತಜ್ಞರ ತಪಾಸಣೆಯ ಏರ್ಪಾಡಿದೆ. ನಿಮ್ಮ ಆಸ್ಪತ್ರೆಯಲ್ಲಿ ಅದು ಯಾವ ವಾರವೆಂದು ಮೊದಲೇ ವಿಚಾರಿಸಿಕೊಂಡು ಹೋಗಿ.

ಇಲಾಖೆಯವರಲ್ಲಿಯೂ ಒಂದು ವಿಜ್ಞಾಪನೆ. 1965ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆ ಜಾರಿಗೆ ಬಂದ ನೆನಪಿಗಾಗಿ ಪ್ರತಿವರ್ಷ ಏಪ್ರಿಲ್ 2ರಂದು ಧ್ವಜ ದಿನವನ್ನು ಆಚರಿಸಿ, ಮಾರಿದ ಧ್ವಜಗಳ ಹಣವನ್ನು ಸೇವೆಯಲ್ಲಿರುವವರ ಮತ್ತು ನಿವೃತ್ತರ ಕ್ಷೇಮಕ್ಕೆ ವಿನಿಯೋಗಿಸುತ್ತೀರಿ. ಆ ಕ್ಷೇಮದ ಪಟ್ಟಿಯಲ್ಲಿ ಮನಸ್ಸಿಗೂ ಸ್ಥಾನವಿರಲಿ. ಪಿಂಚಣಿಯ ಕಡತವನ್ನು ನಿವೃತ್ತಿಗೆ ಬಹಳ ಮೊದಲೇ ಸಿದ್ಧಪಡಿಸುವಂತೆ, ಕೊನೆಯ ವರ್ಷದಲ್ಲಿಯೇ ನೌಕರನನ್ನೂ ಆತನ ಪತ್ನಿಯನ್ನೂ ಒಟ್ಟಿಗೆ ಕೂರಿಸಿ ಮಾತನಾಡುವ ಮನೋವೈದ್ಯರೊಬ್ಬರ ಭೇಟಿಯನ್ನು ಏರ್ಪಡಿಸಿ. ಬೀಳ್ಕೊಟ್ಟ ಮೂರನೆಯ ತಿಂಗಳು ಠಾಣೆಯಿಂದ ಯಾರಾದರೂ ಮನೆಗೆ ಹೋಗಿ ವಿಚಾರಿಸಿ ಬನ್ನಿ. ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ, ದೊಡ್ಡ ಖರ್ಚೂ ಇಲ್ಲ.